ಮನೆ ಬರೆದುಕೊಡುವ ಮುನ್ನ: ಮುಪ್ಪಿನ ಆರೈಕೆಯ ಲೆಕ್ಕ

ನಿಮ್ಮ ಆರೋಗ್ಯ ವಿಮೆಯ ಪಾಲಿಸಿ ಪುಸ್ತಕ ಬೀರುವಿನಲ್ಲಿದ್ದರೆ ಒಮ್ಮೆ ಹೊರತೆಗೆಯಿರಿ. ಯಾವುದಕ್ಕೆಲ್ಲ ಹಣ ಸಿಗುವುದಿಲ್ಲ ಎಂಬ ಪಟ್ಟಿ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅದರಲ್ಲಿ 'ಎಕ್ಸ್‌ಕ್ಲ್ 05' ಎಂಬ ಗುರುತಿನ ಕಲಮು ಹುಡುಕಿ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಒಕ್ಕಣೆಯಲ್ಲಿ ಗೊತ್ತುಪಡಿಸಿರುವುದರಿಂದ ಬಹುತೇಕ ಎಲ್ಲ ಪಾಲಿಸಿಗಳಲ್ಲೂ ಅದು ಸಿಗುತ್ತದೆ. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಹಿಡಿದು ನಡೆಸುವುದು ಮುಂತಾದ ನಿತ್ಯದ ಆರೈಕೆಗೆ ವಿಮೆ ಇಲ್ಲ ಎನ್ನುವುದು ಅದರ ಸಾರಾಂಶ. ಆರೈಕೆ ಮನೆಯಲ್ಲಿ ನಡೆದರೂ ಅಷ್ಟೆ, ನರ್ಸಿಂಗ್ ಹೋಮಿನಲ್ಲಿ ನಡೆದರೂ ಅಷ್ಟೆ. ತರಬೇತಾದ ನರ್ಸ್ ಮಾಡಿದರೂ, ಓದುಬರಹ ಬಾರದ ಸಹಾಯಕಿ ಮಾಡಿದರೂ ಅಷ್ಟೆ.

ಮಂಡಿಚಿಪ್ಪು ಬದಲಾಯಿಸಲು ಲಕ್ಷಗಟ್ಟಲೆ ಕೊಡುವ ವಿಮೆ, ಲಕ್ವ ಹೊಡೆದು ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವವಳ ಸಂಬಳ ಕೊಡುವುದಿಲ್ಲ. 'ಡಾಮಿಸಿಲಿಯರಿ' ಎಂಬ ಹೆಸರಿನಲ್ಲಿ ಮನೆಯ ಚಿಕಿತ್ಸೆಗೂ ಹಣ ಸಿಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಆಸ್ಪತ್ರೆಯಲ್ಲೇ ಆಗಬೇಕಿದ್ದ ಚಿಕಿತ್ಸೆಯನ್ನು ಅನಿವಾರ್ಯವಾಗಿ ಮನೆಯಲ್ಲಿ ಕೊಟ್ಟ ದಿನಗಳಿಗಷ್ಟೇ, ವರ್ಷಗಟ್ಟಲೆಯ ಆರೈಕೆಗಲ್ಲ. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸಿತು. ಅದೂ ಆಸ್ಪತ್ರೆಗೆ ದಾಖಲಾದವರಿಗೇ.

ಹಾಗೆಂದು ವಿಮೆ ಕೈಬಿಡಬೇಡಿ. ಆಸ್ಪತ್ರೆಯ ಬಿಲ್ಲನ್ನು ಅದು ಹೊತ್ತರೆ, ಆರೈಕೆಗೆಂದು ಇಟ್ಟ ಗಂಟು ಉಳಿಯುತ್ತದೆ. 2024ರ ಏಪ್ರಿಲ್‌ನಿಂದ 65 ದಾಟಿದವರೂ ಹೊಸ ಪಾಲಿಸಿ ಕೇಳಬಹುದು. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಮೂರು ವರ್ಷ ಮೀರುವಂತಿಲ್ಲ. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ 10%ಗಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯೂ ಹೋಗಿದೆ. ಇಷ್ಟೆಲ್ಲ ಇದ್ದರೂ ಮನೆಯ ಮಂಚದ ಮೇಲೆ ನಡೆಯುವ ಆರೈಕೆಯ ಖರ್ಚು ನಿಮ್ಮದೇ. ನಮ್ಮಲ್ಲಿ ಅದಕ್ಕೆಂದು ಬೇರೆ ಸರ್ಕಾರಿ ವಿಮೆ ಇಲ್ಲ.

ಅಮೆರಿಕದಲ್ಲಿರುವ ಮಗನೋ ಮಗಳೋ ಫೋನಿನಲ್ಲಿ ಬೇರೆಯೇ ಸಲಹೆ ಕೊಡಬಹುದು: ಆಸ್ತಿಯನ್ನು ಈಗಲೇ ನಮ್ಮ ಹೆಸರಿಗೆ ಮಾಡಿಬಿಡಿ, ಆಮೇಲೆ ತೊಂದರೆಯಿಲ್ಲ ಎಂದು. ಅಲ್ಲಿಯ ಮೆಡಿಕೇಡ್ ಯೋಜನೆ ಕೈಯಲ್ಲಿ ಆಸ್ತಿಯಿಲ್ಲದವರ ನರ್ಸಿಂಗ್ ಹೋಮ್ ಖರ್ಚು ಭರಿಸುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಹಿಂದಿನ ಐದು ವರ್ಷಗಳ ವರ್ಗಾವಣೆಗಳನ್ನು ಕೆದಕಿ ನೋಡುತ್ತಾರಾದ್ದರಿಂದ ಜನ ಮುಂಚಿತವಾಗಿಯೇ ಆಸ್ತಿ ಹಸ್ತಾಂತರಿಸುತ್ತಾರೆ. ಆ ಲೆಕ್ಕ ಅಲ್ಲಿಗೆ ಸರಿ. ಇಲ್ಲಿ ಆಸ್ತಿ ಕಳೆದುಕೊಂಡವರನ್ನು ಎತ್ತಿಕೊಳ್ಳಲು ಅಂಥ ಯೋಜನೆ ಯಾವುದೂ ಕಾದು ಕುಳಿತಿಲ್ಲ. ಇಲ್ಲಿ ಆಸ್ತಿಯನ್ನು ಕಾಪಾಡಿಕೊಳ್ಳುವುದೆಂದರೆ ಮೊದಲು ನಿಮಗಾಗಿ, ನಿಮ್ಮ ಸಂಗಾತಿಗಾಗಿ ಕಾಪಾಡಿಕೊಳ್ಳುವುದು. ಮಕ್ಕಳ ಸರದಿ ಆಮೇಲೆ.

ತಿಂಗಳ ಲೆಕ್ಕ, ವರ್ಷಗಳ ಲೆಕ್ಕ

ಆರೈಕೆಗೆ ಎಷ್ಟು ಬೇಕು? ಊರಿಂದೂರಿಗೆ, ಏಜೆನ್ಸಿಯಿಂದ ಏಜೆನ್ಸಿಗೆ ದರ ಬೇರೆ. ನಿಮ್ಮೂರಿನ ಎರಡು ಮೂರು ಹೋಮ್ ನರ್ಸ್ ಏಜೆನ್ಸಿಗಳಿಗೆ ಈಗಲೇ ಫೋನ್ ಮಾಡಿ, ಹಗಲು ಪಾಳಿಗೆ ಎಷ್ಟು, ಮನೆಯಲ್ಲೇ ಉಳಿಯುವವರಿಗೆ ಎಷ್ಟು ಎಂದು ಕೇಳಿಡಿ. ಸಂಬಳದ ಜೊತೆಗೆ ಏಜೆನ್ಸಿಯ ನೋಂದಣಿ ಶುಲ್ಕ, ಅವರ ಊಟ ತಿಂಡಿ, ಹಬ್ಬಕ್ಕೆ ಅವರು ಊರಿಗೆ ಹೋದಾಗ ಬರುವ ಬದಲಿ ಆಳಿನ ಹೆಚ್ಚುವರಿ ದರ ಇವೆಲ್ಲ ಇರುತ್ತವೆ. ಆಸ್ಪತ್ರೆ ಮಂಚ, ಬೆನ್ನು ಹುಣ್ಣಾಗದಂತೆ ಏರ್ ಬೆಡ್, ಡಯಾಪರ್, ಫಿಸಿಯೋಥೆರಪಿ ಇವನ್ನು ಬೇರೆಯಾಗಿ ಬರೆದುಕೊಳ್ಳಿ. ಮಂಚವನ್ನು ಬಾಡಿಗೆಗೆ ಕೊಡುವವರಿದ್ದಾರೆ, ಕೊಳ್ಳುವ ಅವಸರ ಬೇಡ.

ಲೆಕ್ಕಕ್ಕಾಗಿ ತಿಂಗಳಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 3.6 ಲಕ್ಷ. ದರ ವರ್ಷಕ್ಕೆ 8% ಏರುತ್ತಾ ಹೋದರೆ ಐದು ವರ್ಷದ ಆರೈಕೆಗೆ ಸುಮಾರು 21 ಲಕ್ಷ ಬೇಕು. ಇವತ್ತು ಅರವತ್ತೈದಾಗಿ ಗಟ್ಟಿಮುಟ್ಟಾಗಿರುವವರಿಗೆ ಈ ಅಗತ್ಯ ಬರುವುದು ಎಪ್ಪತ್ತೈದಕ್ಕೆ ಎಂದುಕೊಂಡರೆ, ಅದೇ ಆರೈಕೆಗೆ ಆಗ ತಿಂಗಳಿಗೆ 65,000ದ ಹತ್ತಿರ, ಐದು ವರ್ಷಕ್ಕೆ 45 ಲಕ್ಷದ ಮೇಲೆ. ಹೆದರಿಸಲು ಹೇಳುತ್ತಿಲ್ಲ. ಇದಿಷ್ಟನ್ನೂ ನಗದಾಗಿ ಕೂಡಿಡಬೇಕಿಲ್ಲ, ಪಿಂಚಣಿ ಮತ್ತು ಬಡ್ಡಿ ಕಟ್ಟಿಕೊಡದ ಅಂತರವನ್ನಷ್ಟೇ ಕೂಡಿಡಬೇಕು.

ತುಮಕೂರಿನ ಒಬ್ಬ ನಿವೃತ್ತ ಪ್ರೌಢಶಾಲಾ ಮೇಷ್ಟ್ರ ಸಂಸಾರ ಎಂದು ಊಹಿಸಿಕೊಳ್ಳಿ. ಮೂಲ ಪಿಂಚಣಿ 36,000. ಇಬ್ಬರ ಮನೆಖರ್ಚು 30,000. ಅವರಿಗೆ ಪಾರ್ಕಿನ್ಸನ್ ಬಂದು ದಿನವಿಡೀ ಒಬ್ಬರು ಬೇಕಾದಾಗ ಇನ್ನೊಂದು 30,000 ಸೇರುತ್ತದೆ. ತಿಂಗಳಿಗೆ 24,000 ಸಾಲದು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಗರಿಷ್ಠ ಮೊತ್ತ 30 ಲಕ್ಷ. 2023ರ ಏಪ್ರಿಲ್‌ನಲ್ಲಿ ನಿಗದಿಯಾದ 8.2% ಬಡ್ಡಿಯಂತೆ ಅದಕ್ಕೆ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500 ಬರುತ್ತದೆ. ಕೊರತೆ ಬಹುಮಟ್ಟಿಗೆ ತುಂಬಿತು. ನಿವೃತ್ತಿಯಲ್ಲಿ ಬಂದ ಗ್ರಾಚ್ಯುಟಿ, ಕಮ್ಯುಟೇಷನ್ ಹಣವನ್ನು ಮನೆಯ ಮೇಲೊಂದು ಅಂತಸ್ತು ಕಟ್ಟಲು ಸುರಿದಿದ್ದರೆ ಈ ಲೆಕ್ಕ ಹೊಂದುವುದಿಲ್ಲ. ಮೇಲಂತಸ್ತಿಗೆ ಬಾಡಿಗೆದಾರರಿದ್ದರೆ ಸರಿ. ಬೆಂಗಳೂರಿನ ಮಗ ಬಂದಾಗ ಇಳಿದುಕೊಳ್ಳಲೆಂದು ಕಟ್ಟಿದ ಅಂತಸ್ತಾದರೆ ಅದು ವರ್ಷಕ್ಕೆರಡು ಸಲ ತೆರೆಯುವ ಬೀಗ ಅಷ್ಟೆ.

ಯಾವ ಹಣ ಮೊದಲು ಕರಗಬೇಕು ಎಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಮೊದಲು ಪಿಂಚಣಿ, ಬಡ್ಡಿ, ಬಾಡಿಗೆ. ಅದು ಸಾಲದಾದಾಗ ಎಫ್‌ಡಿ. ಅದಕ್ಕೂ ಮುಂಚೆಯೇ, ಖಾಲಿ ಬಿದ್ದಿರುವ ಸೈಟು. ನಮ್ಮವರಿಗೆ ಸೈಟಿನ ಮೇಲಿನ ಮೋಹ ಒಂದು ತೂಕ ಹೆಚ್ಚೇ. ಮೂವತ್ತು ನಲವತ್ತರ ಆ ಜಾಗ ತಿಂಗಳಿಗೆ ಒಂದು ರೂಪಾಯಿ ತರುವುದಿಲ್ಲ. ಕಂದಾಯ ಕಟ್ಟಿಸಿಕೊಳ್ಳುತ್ತದೆ, ಪಾರ್ಥೇನಿಯಂ ಬೆಳೆಸುತ್ತದೆ, ಪಕ್ಕದವರ ಒತ್ತುವರಿಯ ಚಿಂತೆ ಹಚ್ಚುತ್ತದೆ. ವಾಸದ ಮನೆಯನ್ನು ಮುಟ್ಟುವ ಮುನ್ನ ಸೈಟು ಮಾರಬೇಕು, ಅದೂ ಆರೋಗ್ಯ ಚೆನ್ನಾಗಿರುವಾಗಲೇ. ಇ-ಖಾತಾ ಸರಿಪಡಿಸಿ, ಇಸಿ ತೆಗೆಸಿ, ಒಳ್ಳೆಯ ಗಿರಾಕಿ ಸಿಗುವಷ್ಟರಲ್ಲಿ ತಿಂಗಳುಗಳೇ ಹೋಗುತ್ತವೆ. ಐಸಿಯುನ ಹೊರಗೆ ನಿಂತು ಮಾರುವವನಿಗೆ ಗಿರಾಕಿ ಹೇಳಿದ್ದೇ ಬೆಲೆ. ಲಾಭದ ಮೇಲೆ 12.5% ತೆರಿಗೆ ಇದೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡದ್ದಾದರೆ, ಇಲ್ಲಿಯ ನಿವಾಸಿಗಳು ಹಣದುಬ್ಬರ ಕಳೆದು 20%ರ ಹಳೆಯ ಲೆಕ್ಕದ ಜೊತೆ ಹೋಲಿಸಿ ಕಡಿಮೆಯದ್ದನ್ನು ಕಟ್ಟಬಹುದು. ಇದಕ್ಕೆ ಆಡಿಟರ್ ಬಳಿ ಹೋಗಿ ಬರುವುದು ಒಳ್ಳೆಯದು.

ಅಮ್ಮನ ಪಾಲು

ಹಣದ ಸಲಹೆಗಾರರು ಅಷ್ಟಾಗಿ ಹೇಳದ ಒಂದು ಮಾತಿದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಹೆಂಡತಿ ಗಂಡನಿಗಿಂತ ಕಿರಿಯಳು, ಅವನ ನಂತರ ಬದುಕುವವಳೂ ಅವಳೇ. ಮೊದಲು ಹಾಸಿಗೆ ಹಿಡಿಯುವುದು ಗಂಡ, ಆರೈಕೆ ಮಾಡುವವಳು ಹೆಂಡತಿ, ಕರಗುವುದು ಇಬ್ಬರ ಗಂಟು. ಗಂಡನ ಕಾಲ ಮುಗಿದ ಮೇಲೆ ಅವಳ ಸರದಿ ಬಂದಾಗ ಖಾತೆಯಲ್ಲಿ ಏನಿರುತ್ತದೆ?

ಮೇಷ್ಟ್ರ ಮನೆಯ ಲೆಕ್ಕವನ್ನೇ ಮುಂದುವರಿಸಿ. ಅವರು ತೀರಿಕೊಂಡ ಮೇಲೆ ಪತ್ನಿಗೆ ಬರುವ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಕೊನೆಯ ಮೂಲ ವೇತನದ 30%. ಪಿಂಚಣಿ ಅದರ ಅರ್ಧ ಎಂಬ ಲೆಕ್ಕದಲ್ಲಿ 36,000ದ ಜಾಗದಲ್ಲಿ 21,600. ಖಾಸಗಿ ಕೆಲಸದವರಿಗೆ ಇಷ್ಟೂ ಇಲ್ಲ. ಅಂಗಡಿ ನಡೆಸಿದವರಿಗೆ, ತೋಟ ಮಾಡಿದವರಿಗೆ ಏನೂ ಇಲ್ಲ. ಹೀಗಾಗಿ ಆರೈಕೆಯ ಹಣ ಎತ್ತಿಡುವಾಗಲೇ ಎರಡು ಗಂಟು ಮಾಡಬೇಕು. ಒಂದು ಅಪ್ಪನದು, ಒಂದು ಅಮ್ಮನದು. ಅಮ್ಮನ ಗಂಟು ಅವಳ ಹೆಸರಿನಲ್ಲೇ ಇರಲಿ: ಅವಳಿಗೂ 60 ಆಗಿದ್ದರೆ ಅವಳದೇ ಹಿರಿಯ ನಾಗರಿಕರ ಖಾತೆ, ಇಲ್ಲವೇ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ. ಅಪ್ಪನ ಚಿಕಿತ್ಸೆ ಎಷ್ಟೇ ಎಳೆದರೂ ಅದನ್ನು ಮುರಿಯುವುದಿಲ್ಲ ಎಂದು ಮಕ್ಕಳ ಎದುರಿಗೇ ಅಪ್ಪನೇ ಹೇಳಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಆ ಮಾತನ್ನು ಅಮ್ಮ ತಾನಾಗಿ ಹೇಳಲಾರಳು.

ಇನ್ನು ವಿಲ್ಲಿನ ವಿಷಯ. 'ನನ್ನ ನಂತರ ಮನೆಯನ್ನು ನನ್ನ ಪತ್ನಿ ಜೀವಿತಾವಧಿಯವರೆಗೆ ಅನುಭವಿಸತಕ್ಕದ್ದು, ಪರಭಾರೆ ಮಾಡುವ ಹಕ್ಕು ಇರುವುದಿಲ್ಲ, ಆಕೆಯ ನಂತರ ಮಕ್ಕಳಿಗೆ ಸಮಪಾಲು' ಎಂಬ ಒಕ್ಕಣೆ ಪತ್ರಬರಹಗಾರರ ಬಾಯಲ್ಲಿ ತಾನಾಗಿ ಬರುತ್ತದೆ. ಹೆಂಡತಿಯನ್ನು ಯಾರೂ ಮನೆಯಿಂದ ಹೊರಹಾಕದಿರಲಿ ಎಂಬ ಕಾಳಜಿ ಅದರಲ್ಲಿದೆ. ಆದರೆ ಎಂಬತ್ತನೇ ವಯಸ್ಸಿನಲ್ಲಿ ಆಕೆಗೆ ಮರೆವಿನ ಕಾಯಿಲೆ ಬಂದು ದಿನವಿಡೀ ಆರೈಕೆ ಬೇಕಾದಾಗ, ಆ ಮನೆಯನ್ನು ಮಾರಲೂ ಆಗದು, ಅಡ ಇಡಲೂ ಆಗದು. ತಲೆ ಮೇಲೆ ಸೂರು ಇದೆ, ಕೈಯಲ್ಲಿ ಕಾಸಿಲ್ಲ. ಮನೆಯನ್ನು ಹೆಂಡತಿಗೆ ಪೂರ್ಣ ಹಕ್ಕಿನಿಂದ ಬರೆಯಿರಿ ಎನ್ನುವುದು ನನ್ನ ಸಲಹೆ. ಮನಸ್ಸು ಒಪ್ಪದಿದ್ದರೆ ಕಡೇಪಕ್ಷ ಆರೈಕೆಗೆ, ಚಿಕಿತ್ಸೆಗೆ ಅಗತ್ಯ ಬಿದ್ದರೆ ಮಾರುವ, ಅಡಮಾನ ಇಡುವ ಅಧಿಕಾರ ಆಕೆಗಿದೆ ಎಂದು ಒಂದು ಸಾಲು ಸೇರಿಸಿ.

ಮಕ್ಕಳಿಗೆ ಬರೆದುಕೊಡುವುದು

'ಹೇಗೂ ಅವರಿಗೇ ಸೇರುವುದು, ಈಗಲೇ ಮಾಡಿಬಿಟ್ಟರೆ ಮುಂದೆ ಜಗಳ ಇರುವುದಿಲ್ಲ' ಎಂಬ ಮಾತು ಉಪನೋಂದಣಾಧಿಕಾರಿ ಕಚೇರಿಯ ಬೆಂಚುಗಳ ಮೇಲೆ ದಿನಾ ಕೇಳಿಸುತ್ತದೆ. ಜಗಳ ತಪ್ಪಿಸಲು ವಿಲ್ ಸಾಕು. ಬದುಕಿರುವವರೆಗೂ ಎಷ್ಟು ಸಲ ಬೇಕಾದರೂ ವಿಲ್ ಬದಲಾಯಿಸಬಹುದು, ಅದಕ್ಕೆ ಯಾರನ್ನೂ ಕೇಳಬೇಕಿಲ್ಲ. ದಾನಪತ್ರ ಹಾಗಲ್ಲ. ನೋಂದಣಿ ಆಯಿತೆಂದರೆ ಆಸ್ತಿ ಕೈಬಿಟ್ಟಿತು.

ಹಿರಿಯ ನಾಗರಿಕರ ಕಾಯ್ದೆ ಇದೆಯಲ್ಲ, ಎಸಿ ಕೋರ್ಟಿಗೆ ಹೋದರೆ ವಾಪಸ್ ಕೊಡಿಸುತ್ತಾರಲ್ಲ ಎಂಬ ಧೈರ್ಯ ಬಹಳ ಜನರಿಗಿದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮಿನಲ್ಲಿ ಆ ಅವಕಾಶ ಇರುವುದು ನಿಜ. ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ಅದಕ್ಕೆ ತಪ್ಪಿದರೆ, ಆ ವರ್ಗಾವಣೆಯನ್ನು ನ್ಯಾಯಮಂಡಳಿ ಅನೂರ್ಜಿತ ಎಂದು ಘೋಷಿಸಬಹುದು. ಇಡೀ ಕಲಮು ನಿಂತಿರುವುದು ಷರತ್ತಿನ ಮೇಲೆ. ಸುದೇಶ್ ಛಿಕಾರ ವಿರುದ್ಧ ರಾಮ್ತಿ ದೇವಿ ಪ್ರಕರಣದಲ್ಲಿ ತಾಯಿ ಹೆಣ್ಣುಮಕ್ಕಳಿಗೆ ಹಕ್ಕು ಬಿಟ್ಟುಕೊಟ್ಟಿದ್ದರು. ಪತ್ರದಲ್ಲಿ ಅಂಥ ಷರತ್ತಿರಲಿಲ್ಲ, ಬೇರೆ ಪುರಾವೆಯೂ ಬರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾಯಿಯ ಪರ ಇದ್ದ ಆದೇಶವನ್ನು ತೆಗೆದುಹಾಕಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ತಾಯಿಯ ಪರ ನಿಂತಿತು. ಕಾಯ್ದೆಯನ್ನು ಹಿರಿಯರ ಹಿತಕ್ಕೆ ಉದಾರವಾಗಿ ಓದಬೇಕು, ಸ್ವಾಧೀನವನ್ನು ಮರಳಿ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗಿದೆ ಎಂದಿತು. ಆ ತಾಯಿಗೆ ಮಗ ಕೊನೆಯವರೆಗೂ ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟ ಕಾಗದವೊಂದು ಇತ್ತು.

ನಮ್ಮ ಊರುಗಳ ದಾನಪತ್ರಗಳಲ್ಲಿ ಇರುವುದು 'ಪ್ರೀತಿ ವಿಶ್ವಾಸದಿಂದ' ಎಂಬ ಮಾತು. ನ್ಯಾಯಮಂಡಳಿಯ ಮುಂದೆ ಪ್ರೀತಿ ವಿಶ್ವಾಸವನ್ನು ಷರತ್ತು ಎಂದು ವಾದಿಸುವುದು ಕಷ್ಟ. ದಾನಪತ್ರ ಮಾಡಲೇಬೇಕಾದರೆ ಇಂಥದೊಂದು ಸಾಲು ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೀವೇ ಓದಿ:

'ದಾನ ಪಡೆದವರು ದಾನಿಗೂ ದಾನಿಯ ಪತ್ನಿಗೂ ಅವರ ಜೀವಿತಾವಧಿಯವರೆಗೆ ಅನ್ನ, ವಸ್ತ್ರ, ವಸತಿ, ಔಷಧೋಪಚಾರ ಹಾಗೂ ಅಗತ್ಯಬಿದ್ದಲ್ಲಿ ಆರೈಕೆಯವರ ಖರ್ಚನ್ನು ಒದಗಿಸತಕ್ಕದ್ದು. ಈ ಷರತ್ತಿನ ಮೇಲೆಯೇ ಸದರಿ ದಾನವನ್ನು ನೀಡಲಾಗಿದ್ದು, ಇದಕ್ಕೆ ತಪ್ಪಿದಲ್ಲಿ ದಾನವನ್ನು ರದ್ದುಪಡಿಸಿಕೊಳ್ಳುವ ಹಕ್ಕು ದಾನಿಗೆ ಇರುತ್ತದೆ.'

ವಕೀಲರು ಇದನ್ನು ನಿಮ್ಮ ಸಂದರ್ಭಕ್ಕೆ ತಿದ್ದಿಕೊಡುತ್ತಾರೆ. 'ನನಗೆ ಇಷ್ಟಬಂದಾಗ ರದ್ದು ಮಾಡುತ್ತೇನೆ' ಎಂದು ಮಾತ್ರ ಬರೆಸಬೇಡಿ. ದಾನಿಯ ಬರೀ ಇಚ್ಛೆಯ ಮೇಲೆ ರದ್ದಾಗುವ ದಾನ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಅಸಿಂಧು.

ಮಧ್ಯದ ಹಾದಿಯೂ ಇದೆ. ಮನೆಯನ್ನು ಮಗಳ ಹೆಸರಿಗೆ ದಾನ ಮಾಡಿ, ನಾನಿರುವವರೆಗೆ ವಾಸವೂ ಬಾಡಿಗೆಯೂ ನನ್ನದೇ ಎಂದು ಪತ್ರದಲ್ಲೇ ಉಳಿಸಿಕೊಳ್ಳಬಹುದು. ಹೀಗೆ ಅನುಭವದ ಹಕ್ಕು ಇಟ್ಟುಕೊಂಡು ಮಾಡಿದ ದಾನ ಸಿಂಧು ಎಂದು 2014ರ ರೇಣಿಕುಂಟ್ಲ ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮನೆಯನ್ನು ಮಾರಿ ಆರೈಕೆಗೆ ಹಣ ಮಾಡಿಕೊಳ್ಳುವ ದಾರಿ ಇದರಲ್ಲೂ ಮುಚ್ಚಿಹೋಗುತ್ತದೆ. ಬೇರೆ ಆದಾಯ ಗಟ್ಟಿಯಾಗಿ ಇರುವವರಿಗಷ್ಟೇ ಇದು ಹೊಂದೀತು.

ಬರೆಯುವ ಮೊದಲು ಆಸ್ತಿ ಯಾರದು ಎಂಬುದು ಖಚಿತವಿರಲಿ. ಸ್ವಯಾರ್ಜಿತವಾದರೆ ನಿಮ್ಮಿಷ್ಟ. ಪಿತ್ರಾರ್ಜಿತವಾದರೆ ನಿಮ್ಮ ಪಾಲಿನ ಮಟ್ಟಿಗೆ ಮಾತ್ರ ವಿಲ್ ಬರೆಯಬಹುದು, ಹೆಣ್ಣುಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದ ಬಂದ ಸಮಪಾಲಿದೆ. ಮುಸ್ಲಿಮರಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಗೆ ವಿಲ್ ಮಾಡಲಾಗದು. ವಿಲ್ಲಿಗೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಅವರು ನಿಮಗಿಂತ ಚಿಕ್ಕವರೂ ಆಸ್ತಿಯಲ್ಲಿ ಪಾಲಿಲ್ಲದವರೂ ಆಗಿರಲಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಕಚೇರಿಗೆ ಬರಲಾಗದಷ್ಟು ಕಾಯಿಲೆಯಿದ್ದರೆ ಅಧಿಕಾರಿಯೇ ಮನೆಗೆ ಬಂದು ನೋಂದಾಯಿಸುವ ಅವಕಾಶವನ್ನು ನೋಂದಣಿ ಕಾಯ್ದೆ ಕೊಟ್ಟಿದೆ.

ಜೊತೆಗಿದ್ದು ನೋಡಿಕೊಳ್ಳುವ ಮಗಳು ಅಥವಾ ಸೊಸೆಯ ಬಗ್ಗೆ ಒಂದು ಮಾತು. ಕೆಲಸ ಬಿಟ್ಟು ಮಾವನ ಡಯಾಪರ್ ಬದಲಿಸಿದವಳಿಗೂ, ವರ್ಷಕ್ಕೊಮ್ಮೆ ವಿಮಾನದಲ್ಲಿ ಬಂದು ಚಾಕೊಲೇಟ್ ಕೊಟ್ಟುಹೋದವರಿಗೂ ಕೊನೆಗೆ ಒಂದೇ ಪಾಲು ಎಂದರೆ ನ್ಯಾಯವೆನಿಸುವುದಿಲ್ಲ. ಹೋಮ್ ನರ್ಸ್‌ಗೆ ಕೊಡುತ್ತಿದ್ದ ಹಣದಲ್ಲಿ ಒಂದಂಶವನ್ನಾದರೂ ತಿಂಗಳು ತಿಂಗಳು ಅವಳ ಖಾತೆಗೆ ಹಾಕಿ, ಇಲ್ಲವೇ ವಿಲ್ಲಿನಲ್ಲಿ ಕಾರಣ ಬರೆದು ಹೆಚ್ಚು ಕೊಡಿ. ಉಳಿದ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. ತಿಥಿ ಮುಗಿದ ಮಾರನೇ ದಿನ ತಿಳಿದರೆ ಕೋರ್ಟು ಗ್ಯಾರಂಟಿ.

ಮನೆಯಿಂದಲೇ ತಿಂಗಳ ಹಣ

ಮನೆ ಬಿಟ್ಟರೆ ಬೇರೇನೂ ಇಲ್ಲದವರಿಗೆ ರಿವರ್ಸ್ ಮಾರ್ಟ್‌ಗೇಜ್ ಎಂಬ ವ್ಯವಸ್ಥೆ ಇದೆ. 60 ದಾಟಿದವರು ತಮ್ಮ ಸ್ವಂತ ವಾಸದ ಮನೆಯನ್ನು ಬ್ಯಾಂಕಿಗೆ ಅಡ ಇಟ್ಟು ತಿಂಗಳು ತಿಂಗಳು ಹಣ ಪಡೆಯುವುದು. ಕಂತು ಕಟ್ಟಬೇಕಿಲ್ಲ, ಅಸಲು ಬಡ್ಡಿ ಎರಡೂ ಮನೆಯ ಮೇಲೆ ಬೆಳೆಯುತ್ತಾ ಹೋಗುತ್ತವೆ. ಹಣ ಬರುವುದು ಹೆಚ್ಚೆಂದರೆ 20 ವರ್ಷ. ಅದು ನಿಂತ ಮೇಲೂ ದಂಪತಿ ಬದುಕಿರುವಷ್ಟು ಕಾಲ ಅಲ್ಲೇ ಇರಬಹುದು. ಇಬ್ಬರೂ ಹೋದ ಮೇಲೆ ಮಕ್ಕಳು ಸಾಲ ತೀರಿಸಿ ಮನೆ ಬಿಡಿಸಿಕೊಳ್ಳಬಹುದು. ಅವರಿಗೆ ಬೇಡವಾದರೆ ಬ್ಯಾಂಕ್ ಮಾರಿ, ಉಳಿದ ಹಣವನ್ನು ಅವರಿಗೆ ಕೊಡುತ್ತದೆ. ಹೀಗೆ ಬರುವ ಹಣಕ್ಕೆ ಆದಾಯ ತೆರಿಗೆಯಿಲ್ಲ.

ನಮ್ಮಲ್ಲಿ ಇದು ಹಬ್ಬಿಲ್ಲ. ಬ್ಯಾಂಕಿನವರಿಗೂ ಉತ್ಸಾಹ ಕಡಿಮೆ, ಮನೆ ಅಡ ಇಟ್ಟರು ಎಂಬ ಮಾತಿಗೆ ಹಿರಿಯರಿಗೂ ಅಂಜಿಕೆ. ನನ್ನ ಅಭಿಪ್ರಾಯದಲ್ಲಿ ಇದು ಮಕ್ಕಳಿಲ್ಲದ ದಂಪತಿಗೆ, ಅಥವಾ ಮಕ್ಕಳಿಗೆ ಈ ಮನೆಯ ಅಗತ್ಯವೇ ಇಲ್ಲದವರಿಗೆ ಸರಿಹೋಗುವ ಏರ್ಪಾಟು. ಉಳಿದವರು ದೊಡ್ಡ ಮನೆ ಮಾರಿ ಆಸ್ಪತ್ರೆಗೆ ಹತ್ತಿರದ, ಲಿಫ್ಟ್ ಇರುವ ಸಣ್ಣ ಮನೆಗೆ ಹೋಗಿ ಮಿಕ್ಕದ್ದನ್ನು ಠೇವಣಿ ಇಡುವುದೇ ಲೇಸು. ಅದನ್ನೂ ಎಪ್ಪತ್ತರ ಒಳಗೇ ಮಾಡಬೇಕು. ಎಂಬತ್ತಕ್ಕೆ ಊರು ಕೇರಿ ಬದಲಿಸುವುದು ಮರ ಕಿತ್ತು ನೆಟ್ಟಹಾಗೆ.

ಹಿರಿಯರ ವಸತಿ ಸಮುಚ್ಚಯಗಳಿಗೆ ಸೇರುವ ಯೋಚನೆಯಿದ್ದರೆ ಉದ್ಯಾನ, ಯೋಗ ಹಾಲ್ ನೋಡಿ ಮರುಳಾಗದೆ ಒಪ್ಪಂದದ ಕಾಗದ ಕೇಳಿ. ಠೇವಣಿಯಲ್ಲಿ ಎಷ್ಟು ವಾಪಸ್, ಯಾವಾಗ? ತಿಂಗಳ ಶುಲ್ಕ ವರ್ಷಕ್ಕೆ ಎಷ್ಟು ಏರಬಹುದು? ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಶುಲ್ಕ ಇಳಿಯುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಹಾಸಿಗೆ ಹಿಡಿದರೆ ಅಥವಾ ಮರೆವಿನ ಕಾಯಿಲೆ ಬಂದರೆ ಅಲ್ಲೇ ಇಟ್ಟುಕೊಳ್ಳುತ್ತಾರೆಯೇ? ಓಡಾಡುವಷ್ಟು ದಿನ ಮಾತ್ರ ಇಟ್ಟುಕೊಳ್ಳುವ ಜಾಗ ನೀವು ಹುಡುಕುತ್ತಿರುವುದಲ್ಲ.

ಬುದ್ಧಿ ಸ್ಥಿಮಿತದಲ್ಲಿರುವಾಗ

ಜನರಲ್ ಪವರ್ ಆಫ್ ಅಟಾರ್ನಿ ಮಾಡಿಕೊಟ್ಟಿದ್ದೇನೆ, ಮುಂದೆ ಮಗ ನೋಡಿಕೊಳ್ಳುತ್ತಾನೆ ಎಂದು ನಿಶ್ಚಿಂತರಾಗಿರುವವರಿದ್ದಾರೆ. ಭಾರತೀಯ ಕರಾರು ಕಾಯ್ದೆಯ ಪ್ರಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಮುಗಿಯಿತು. ಯಾವ ದಿನಕ್ಕೆಂದು ಪತ್ರ ಮಾಡಿಟ್ಟರೋ ಆ ದಿನವೇ ಅದು ಕೈಕೊಡುತ್ತದೆ. ಆಮೇಲೆ ಅವರ ಹೆಸರಿನ ಆಸ್ತಿ ಮಾರಲು, ಅವರೊಬ್ಬರದೇ ಖಾತೆಯಿಂದ ಹಣ ತೆಗೆಯಲು ಪಾಲಕರ ನೇಮಕಕ್ಕೆ ನ್ಯಾಯಾಲಯಕ್ಕೆ ಹೋಗಬೇಕು. ಕೋಮಾದಲ್ಲಿರುವವರ ವಿಷಯದಲ್ಲಿ ಹೈಕೋರ್ಟಿಗೇ ಹೋಗಬೇಕಾದ ಸ್ಥಿತಿ. ಇದಕ್ಕೊಂದು ಕ್ರಮ ಹಾಕಿಕೊಟ್ಟು ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿ ನೀಡಿತು.

ಇದನ್ನು ತಪ್ಪಿಸಲು ಸುಲಭದ ಕೆಲಸ, ಬ್ಯಾಂಕ್ ಖಾತೆ ಮತ್ತು ಠೇವಣಿಗಳನ್ನು ಸಂಗಾತಿಯೊಂದಿಗೆ 'ಐದರ್ ಆರ್ ಸರ್ವೈವರ್' ಮಾದರಿಯಲ್ಲಿ ಜಂಟಿ ಮಾಡುವುದು. ಪಿಂಚಣಿ ಬರುವ ಖಾತೆಯನ್ನೂ ಸಂಗಾತಿಯೊಂದಿಗೆ ಹೀಗೆ ಮಾಡಬಹುದು. ಮಗನನ್ನೋ ಮಗಳನ್ನೋ ಸೇರಿಸುವುದಾದರೆ ಆರು ತಿಂಗಳ ಖರ್ಚಿನಷ್ಟು ಹಣವಿರುವ ಒಂದೇ ಖಾತೆಗೆ ಸೇರಿಸಿ, ಎಲ್ಲಕ್ಕೂ ಬೇಡ. ಬ್ಯಾಂಕುಗಳಲ್ಲಿ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಹಾಕಬಹುದು. ನಾಮಿನಿ ಎಂದರೆ ಹಣ ಕೈಗೆತ್ತಿಕೊಳ್ಳುವವರು ಅಷ್ಟೇ, ಒಡೆಯರಲ್ಲ. ಒಡೆತನ ವಿಲ್ಲಿನ ಪ್ರಕಾರ, ಇಲ್ಲವಾದರೆ ಉತ್ತರಾಧಿಕಾರ ಕಾನೂನಿನ ಪ್ರಕಾರ. ಎರಡೂ ಕಡೆ ಬೇರೆ ಬೇರೆ ಹೆಸರು ಬರೆದಿಟ್ಟು ಹೋದರೆ ಮಕ್ಕಳ ಮಧ್ಯೆ ಕಿತ್ತಾಟಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಎಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್ ಈಗ ಅಷ್ಟು ಕಷ್ಟದ್ದಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿಯಮ ಸರಳಗೊಳಿಸಿದ ಮೇಲೆ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಅದನ್ನು ಜಾರಿಗೆ ತರಲು ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿದೆ. ಇದನ್ನು ಖರ್ಚು ಉಳಿಸುವ ಉಪಾಯವೆಂದು ನೋಡಬೇಡಿ. ಆದರೂ ಯಾರಿಗೂ ಬೇಡವಾಗಿದ್ದ, ಯಾರೂ ಬಾಯಿಬಿಟ್ಟು ಹೇಳಲಾರದೆ ಮುಂದುವರಿದ ಐಸಿಯು ವಾಸದಿಂದ ಮನೆಮಠ ಕಳೆದುಕೊಂಡವರಿದ್ದಾರೆ. ಮುಂದುವರಿದ ಕ್ಯಾನ್ಸರ್ ಇದ್ದವರಿಗೆ ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ಉಪಶಾಮಕ ಆರೈಕೆ ಕೊಡುತ್ತದೆ.

ತೆರಿಗೆಯಲ್ಲಿ ಚೂರುಪಾರು ಉಳಿತಾಯವಿದೆ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು ಹಿರಿಯ ನಾಗರಿಕರ ಮರೆವಿನ ಕಾಯಿಲೆ, ಪಾರ್ಕಿನ್ಸನ್ ಮುಂತಾದ ನಿಗದಿತ ಕಾಯಿಲೆಗಳ ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷದವರೆಗೆ, ವಿಮೆಯೇ ಇಲ್ಲದ ಹಿರಿಯರ ವೈದ್ಯಕೀಯ ಖರ್ಚಿಗೆ 50,000ದವರೆಗೆ ವಿನಾಯಿತಿ ಕೇಳಬಹುದು. ತಜ್ಞ ವೈದ್ಯರ ಪ್ರಮಾಣಪತ್ರ, ಬಿಲ್ಲುಗಳನ್ನು ಜೋಪಾನ ಮಾಡಿ. ಹೊಸ ಪದ್ಧತಿಯಲ್ಲಿ ಇವೆರಡೂ ಇಲ್ಲ.

ಈಗಾಗಲೇ ಮನೆ ಬರೆದುಕೊಟ್ಟು ಸಂಕಟದಲ್ಲಿರುವವರು, ಪತ್ರದಲ್ಲಿ ಷರತ್ತಿಲ್ಲ ಎಂದು ಕೈಚೆಲ್ಲಿ ಕೂರಬೇಡಿ. ಜೀವನಾಂಶ ಕೇಳಲು ಷರತ್ತು ಬೇಕಿಲ್ಲ. ಉಪವಿಭಾಗಾಧಿಕಾರಿಯ ಮುಂದೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೂ ಆಗುತ್ತದೆ. ಕಾಯ್ದೆಯ ಪ್ರಕಾರ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಹೋಮ್ ನರ್ಸ್ ಸಂಬಳಕ್ಕೆ ಅದು ಸಾಲದು, ಆದರೂ ಅದು ಹಕ್ಕು. ಮಕ್ಕಳಿಲ್ಲದವರು ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ಸಂಬಂಧಿಕರ ಮೇಲೂ ಅರ್ಜಿ ಹಾಕಬಹುದು. ನೋಟಿಸ್ ಜಾರಿಯಾದ 90 ದಿನಗಳಲ್ಲಿ ಅರ್ಜಿ ತೀರ್ಮಾನವಾಗಬೇಕು, ಮೇಲ್ಮನವಿ ಜಿಲ್ಲಾಧಿಕಾರಿಯ ಬಳಿ. ದಾರಿ ತಿಳಿಯದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ, ಬೆಂಗಳೂರಿನಲ್ಲಾದರೆ 1090ಕ್ಕೆ ಕರೆ ಮಾಡಿ.